ಇಸಿಜಿ ನಾರ್ಮಲ್ ಅಂದ್ರೆ ಹೃದಯಕ್ಕೆ ಏನೂ ಆಗಿಲ್ಲ ಅಂತಲಾ?

ಎರಡು ವರ್ಷದಿಂದ ದಿನಕ್ಕೆ 11 ಗಂಟೆ ಕೆಲಸ, ಸುಸ್ತು, ನಿದ್ದೆ ಇಲ್ಲ, ಆದರೆ ಇಸಿಜಿ ನಾರ್ಮಲ್. ಹಾಗಾದರೆ ನಿಶ್ಚಿಂತೆಯಾಗಿರಬಹುದಾ ಅಂತ ಕೇಳಿದ್ದೀರಿ. ಅಷ್ಟು ಬೇಗ ಬೇಡ. ಇಸಿಜಿ ಹೇಳುವುದು ಅದನ್ನು ತೆಗೆದ ಹೊತ್ತಿನ ವಿಷಯ ಮಾತ್ರ. ದಿನವಿಡೀ ಬಿಪಿ ಹೇಗಿರುತ್ತೆ ಅನ್ನೋದು ಅದರಲ್ಲಿ ಕಾಣಲ್ಲ.

ಒತ್ತಡ ಇಳಿಯದೇ ಹೋದರೆ ಅಡ್ರಿನಲಿನ್ ಅನ್ನೋ ಒತ್ತಡದ ಹಾರ್ಮೋನ್ ಪದೇ ಪದೇ ಏರಿ ನಾಡಿ, ಬಿಪಿ ಎರಡನ್ನೂ ಏರಿಸುತ್ತೆ. ನಿದ್ದೆಗೆಟ್ಟರೆ ರಾತ್ರಿ ಇಳಿಯಬೇಕಾದ ಬಿಪಿಯೂ ಸರಿಯಾಗಿ ಇಳಿಯಲ್ಲ. ಕೆಲವರಿಗಂತೂ ಕ್ಲಿನಿಕ್‌ನಲ್ಲಿ ನಾರ್ಮಲ್, ಕೆಲಸದ ಹೊತ್ತಲ್ಲಿ ಮಾತ್ರ ಜಾಸ್ತಿ! ಹಾಗಾಗಿ 24 ಗಂಟೆಯ ಬಿಪಿ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಶುಗರ್, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಸಿಗರೇಟು ಜಾಸ್ತಿಯಾಗಿದ್ದರೆ ಅದನ್ನೂ ಮುಚ್ಚಿಡಬೇಡಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2021ರ ಜಂಟಿ ಅಂದಾಜಿನಲ್ಲಿ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35–40 ಗಂಟೆಯವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35%, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು. ನಿಮ್ಮದು ಐದೇ ದಿನ ಅಂದರೂ 55 ಆಯಿತು. ಹೆದರಿಸಲು ಹೇಳ್ತಿಲ್ಲ, ಇದು ಗುಂಪಿನ ಲೆಕ್ಕ. ಆದರೆ ಧ್ಯಾನದ ಆ್ಯಪ್‌ಗಿಂತ ಮೊದಲು ಗಂಟೆ ಕಡಿಮೆ ಮಾಡುವ ದಾರಿ ಹುಡುಕಿ ಅಂತೀನಿ.

ಎದೆ ಬಿಗಿದು ನೋವು ತೋಳು, ದವಡೆಗೆ ಹರಡಿದರೆ, ಅಥವಾ ತಣ್ಣನೆ ಬೆವರು, ಉಸಿರುಗಟ್ಟಿದರೆ ‘ಟೆನ್ಷನ್ ಇರಬೇಕು’ ಅಂತ ಕಾಯಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.