10 ವರ್ಷದ ಮಗಳ ತೂಕ ಜಾಸ್ತಿಯಾಗಿದೆ, ಡಯಟ್ ಮಾಡಿಸುವುದು ಹೇಗೆ?

ಮಗಳಿಗೆ 10 ವರ್ಷ, ತೂಕ ಜಾಸ್ತಿ, ಡಯಟ್ ಅಂದರೆ ಅಳುತ್ತಾಳೆ, ಆಟಕ್ಕೆ ಕಳಿಸಿದರೆ ಹೋಗುವುದಿಲ್ಲ, ಮೇಲಿಂದ ಅಜ್ಜಿ ಕದ್ದುಮುಚ್ಚಿ ತಿಂಡಿ ಕೊಡುತ್ತಾರೆ ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಉಡುಪಿಯಲ್ಲಿರುವ ಒಬ್ಬ ಹುಡುಗನ ಅಮ್ಮ, ಅಷ್ಟೇ. ನನ್ನ ಮಗ 9 ವರ್ಷಕ್ಕೆ 41 ಕೆಜಿ ಇದ್ದ. ನಾನೂ ನಿಮ್ಮ ಹಾಗೆ ಡಯಟ್ ಅಂತಲೇ ಶುರು ಮಾಡಿದ್ದು. ಅದು ಹೇಗೆ ಹಳ್ಳ ಹಿಡಿಯಿತು ಅಂತ ಮೊದಲು ಹೇಳುತ್ತೇನೆ.

ಶಾಲೆಯಲ್ಲಿ ತೂಕ ನೋಡಿ ಎಲ್ಲರ ಎದುರು ಗಟ್ಟಿಯಾಗಿ ಓದಿದರಂತೆ. ಅವತ್ತು ಮನೆಗೆ ಬಂದವನು ಬಾಯಿ ಬಿಡಲಿಲ್ಲ. ಅದು ಸಾಲದು ಅಂತ ಮದುವೆಗೋ ಪೂಜೆಗೋ ಹೋದರೆ "ಎಂತ ಮಾರಾಯ, ಯಾವ ಅಂಗಡಿಯ ಅಕ್ಕಿ ನಿಂದು?" ಅಂತ ಕೇಳುವವರು ಒಬ್ಬರಾದರೂ ಸಿಗುತ್ತಾರೆ. ನನಗೆ ರೋಷ ಬಂತು. ಮರುದಿನದಿಂದ ಅವನಿಗೆ ಬೇರೆ ಅಡುಗೆ. ಒಂದು ಭಾನುವಾರ ನಾವೆಲ್ಲ ಕೋರಿ ರೊಟ್ಟಿ ತಿನ್ನುತ್ತಿದ್ದೆವು. ಅವನ ಎದುರು ರಾಗಿ ಗಂಜಿ, ನಾಲ್ಕು ತುಂಡು ಮುಳ್ಳುಸೌತೆ. ಅಳಲಿಲ್ಲ. ಬಟ್ಟಲು ಎತ್ತಿಕೊಂಡು "ನಾನು ಒಳಗೆ ತಿನ್ನುತ್ತೇನೆ" ಅಂದ. ರೊಟ್ಟಿ ಮುರಿಯುವಾಗ ಕಟಕಟ ಸದ್ದು ಬರುತ್ತದಲ್ಲ, ಅದು ಒಳಗಿನ ಕೋಣೆಗೂ ಚೆನ್ನಾಗಿ ಕೇಳುತ್ತದೆ. ಎರಡು ವಾರ ಕಳೆದು ಹಾಸಿಗೆ ಬಿಸಿಲಿಗೆ ಹಾಕಲು ಎತ್ತಿದರೆ ಅಡಿಯಲ್ಲಿ ಏಳು ಚಿಪ್ಸ್ ಪ್ಯಾಕೆಟ್. ಎಲ್ಲ ನೀಟಾಗಿ ಮಡಚಿ ಇಟ್ಟಿದ್ದ.

ಇಷ್ಟೆಲ್ಲ ಆದ ಮೇಲೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ನೀವು ಈ ಕೆಲಸ ಮೊದಲೇ ಮಾಡಿ. ನಾನು ಮೊಬೈಲಿನಲ್ಲಿ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) ನೋಡಿದೆ, 22.8 ಬಂತು, ನಾರ್ಮಲ್ ಅಂದುಕೊಂಡಿದ್ದೆ. ಅದು ದೊಡ್ಡವರ ಲೆಕ್ಕ. ಮಕ್ಕಳದ್ದನ್ನು ವಯಸ್ಸು, ಗಂಡೋ ಹೆಣ್ಣೋ ನೋಡಿ ಬೇರೆ ಚಾರ್ಟಿನಲ್ಲಿ ಗುರುತು ಹಾಕಿ ನೋಡಬೇಕು. ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘದವರು 2015ರಲ್ಲಿ ಮಾಡಿದ ಚಾರ್ಟ್ ಇದೆ, ಅದರಲ್ಲಿ ಇವನು ತೂಕ ತುಂಬಾ ಜಾಸ್ತಿ ಅನ್ನುವ ಮೇಲಿನ ಗೆರೆಯನ್ನೂ ದಾಟಿದ್ದ. ಇನ್ನೊಂದು ಹೇಳಲೇಬೇಕು. ಅವನ ಕುತ್ತಿಗೆಯ ಹಿಂದೆ ಕಪ್ಪಾಗಿತ್ತು. ಕೊಳೆ ಅಂತ ನಾನು ಕಡಲೆಹಿಟ್ಟು ಹಚ್ಚಿ, ಹೀರೆಕಾಯಿ ನಾರಿನಲ್ಲಿ ಉಜ್ಜಿ ಉಜ್ಜಿ ಕೆಂಪು ಮಾಡಿದ್ದೆ. ಅದು ಕೊಳೆ ಅಲ್ಲವಂತೆ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಚರ್ಮ ಹಾಗೆ ದಪ್ಪಗೆ, ಕಪ್ಪಗೆ ಆಗುವುದುಂಟು. ರಕ್ತ ಪರೀಕ್ಷೆ ಮಾಡಿಸಿದೆವು, ಸಕ್ಕರೆ ಸರಿ ಇತ್ತು. ಮಗಳ ಕುತ್ತಿಗೆ, ಕಂಕುಳು ಒಮ್ಮೆ ನೋಡಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾಳಾ ಅದನ್ನೂ ಡಾಕ್ಟರಿಗೆ ಹೇಳಿ. ಥೈರಾಯ್ಡ್ ಇರಬಹುದು ಅಂತ ಎಲ್ಲರೂ ಹೇಳುತ್ತಾರೆ. ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆಯುತ್ತಿದ್ದರೆ ಕಾರಣ ಅದಾಗಿರುವುದು ಕಡಿಮೆ.

"ತೂಕ ಇಳಿಸುವುದು ಬೇಡ, ಈಗ ಇದ್ದಲ್ಲೇ ನಿಲ್ಲಿಸಿ. ಎತ್ತರ ಬೆಳೆಯುತ್ತಾನಲ್ಲ, ಅದೇ ಸರಿಮಾಡುತ್ತದೆ" ಅಂದರು ಡಾಕ್ಟರು. ನನ್ನ ತಲೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಆಮೇಲೆ ಕೇಳಿದರು, "ಸಂಜೆ ಮನೆಯಲ್ಲಿ ಎಲ್ಲರೂ ಏನು ತಿನ್ನುತ್ತೀರಿ?" ನಾನು, ನನ್ನ ಗಂಡ ಮುಖ ಮುಖ ನೋಡಿಕೊಂಡೆವು. ಗೋಳಿಬಜೆ, ಬನ್ಸ್, ಬೇಕರಿಯ ಪಫ್ಸ್. ದಿನಾ ಒಂದಲ್ಲ ಒಂದು. ಎಲ್ಲ ಮೈದಾ, ಹೆಚ್ಚಿನದು ಎಣ್ಣೆಯಲ್ಲಿ ಮುಳುಗಿಸಿದ್ದು. ನಾವು ತಿನ್ನುವುದನ್ನು ನೋಡಿಯೇ ಹುಡುಗ ಕಲಿತದ್ದು, ಶಿಕ್ಷೆ ಮಾತ್ರ ಅವನೊಬ್ಬನಿಗೆ.

ಹಾಗಾಗಿ ಬೇರೆ ಅಡುಗೆ ಅವತ್ತೇ ನಿಂತಿತು. ಮನೆಗೆಲ್ಲ ಒಂದೇ ಅಡುಗೆ. ಅನ್ನ ಬಿಡಿಸಲಿಲ್ಲ. ಕುಚ್ಚಲಕ್ಕಿ ಗಂಜಿಯನ್ನು ಬೈದು ಚಪಾತಿಗೆ ಹೋಗುವವರನ್ನು ಕಂಡರೆ ನನಗೆ ನಗು ಬರುತ್ತದೆ, ಚಪಾತಿಯೂ ಐದು ತಿಂದರೆ ಅಷ್ಟೇ ಅಲ್ವಾ? ಬಟ್ಟಲಿನಲ್ಲಿ ಮೊದಲು ಪಲ್ಯ ಬೀಳಬೇಕು, ಅರ್ಧ ಜಾಗ ಅದಕ್ಕೆ. ಬಸಳೆ, ಹರಿವೆ, ತೊಂಡೆಕಾಯಿ, ಸಿಕ್ಕರೆ ಮಟ್ಟುಗುಳ್ಳ ಬದನೆ. ಬಂಗುಡೆ ಫ್ರೈ ಕಡಿಮೆ ಮಾಡಿ, ಕರಿಯದೆ ಹುಳಿ-ಖಾರದಲ್ಲಿ ಬೇಯಿಸುವ ಪುಳಿಮುಂಚಿ ಜಾಸ್ತಿ ಮಾಡಿದೆ. ಏನು, ಯಾವಾಗ ಅನ್ನುವುದು ನಮ್ಮ ಕೈಯಲ್ಲಿ. ಎಷ್ಟು ಅನ್ನುವುದು ಅವನಿಗೆ ಬಿಟ್ಟದ್ದು. "ಸಾಕು" ಅಂದರೆ ಸಾಕು, "ಬಟ್ಟಲು ಖಾಲಿ ಮಾಡು" ಅನ್ನುವ ಹಾಗಿಲ್ಲ. ಟಿವಿ ಎದುರು ಊಟ ಇಲ್ಲ. ಇದರಲ್ಲಿ ಜಾಸ್ತಿ ಒದ್ದಾಡಿದ್ದು ನನ್ನ ಗಂಡ.

ಕುಡಿಯುವುದರ ಬಗ್ಗೆ ಸ್ವಲ್ಪ ಹುಷಾರು. ಕೋಲಾದಲ್ಲಿ 100 ಮಿಲಿಗೆ ಹತ್ತು ಗ್ರಾಂ ಮೇಲೆ ಸಕ್ಕರೆ ಇರುತ್ತದೆ, ಅಂದರೆ 250ರ ಬಾಟಲಿಗೆ ಐದಾರು ಚಮಚ. ಅದು ಎಲ್ಲರಿಗೂ ಗೊತ್ತು, ನಾವು ಮೋಸ ಹೋಗುವುದು ಪುನರ್ಪುಳಿ (ಕೋಕಂ) ಶರಬತ್ತಿನಲ್ಲಿ. ಮನೆಯದ್ದು, ತಂಪು, ಒಳ್ಳೆಯದು ಅಂತ ಲೋಟಗಟ್ಟಲೆ ಕೊಡುತ್ತೇವೆ. ಒಮ್ಮೆ ಮಾಡುವಾಗ ಸಕ್ಕರೆ ಎಷ್ಟು ಹೋಗುತ್ತದೆ ನೋಡಿ! ಈಗ ನಮ್ಮಲ್ಲಿ ಪುನರ್ಪುಳಿ ಸಾರು, ಬಾಯಾರಿಕೆಗೆ ನೀರು, ಮಜ್ಜಿಗೆ. ಹಾಲಿಗೆ ಹಾಕುವ ಪುಡಿಯ ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿ.

ಆಟದ ವಿಷಯ. ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯಾದರೂ ಬೆವರು ಬರುವ ಓಡಾಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಕ್ರಿಕೆಟ್ ಕೋಚಿಂಗಿಗೆ ಸೇರಿಸಿದೆ, ಮೂರೇ ದಿನ. ಓಡುವಾಗ ನಗುತ್ತಾರೆ ಅಂದ. ನಿಮ್ಮ ಮಗಳು ಹೋಗುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ ಇರಬಹುದು, ಮೆಲ್ಲಗೆ ಕೇಳಿ ನೋಡಿ. ನಾವು ಮಲ್ಪೆ ಬೀಚಿಗೆ ಹೋಗತೊಡಗಿದೆವು. ಬರಿಗಾಲಲ್ಲಿ ಒದ್ದೆ ಮರಳಿನ ಮೇಲೆ ನಡೆಯುವುದು, ಫ್ರಿಸ್ಬಿ ಎಸೆಯುವುದು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಆದರೆ ಜೂನ್ ಬಂತು ಅಂದರೆ ನಮ್ಮೂರಿನ ಮಳೆ ಗೊತ್ತಲ್ಲ, ಮೂರು ತಿಂಗಳು ಹೊರಗೆ ಕಾಲಿಡುವ ಹಾಗಿಲ್ಲ. ಆಗ ದಾರಿ ತೋರಿಸಿದ್ದು ಹುಲಿವೇಷ. ಅಷ್ಟಮಿಯ ಹುಲಿ ಅಂದರೆ ಅವನಿಗೆ ಪ್ರಾಣ. ಮೊಬೈಲಿನಲ್ಲಿ ಹುಲಿವೇಷದ ತಾಸೆ ವಾದ್ಯದ ಪೆಟ್ಟು ಹಾಕಿ, ಹಾಲ್‌ನಲ್ಲಿರುವ ಸೋಫಾ ಗೋಡೆಗೆ ತಳ್ಳಿ, ಕುಣಿತ. ಹುಲಿ ಕುಣಿತ ಸುಮ್ನೆ ಅಲ್ಲ ಮಾರಾಯ್ರೆ, ಸೊಂಟ ಬಗ್ಗಿಸಿ, ಮಂಡಿ ಮಡಚಿ, ನೆಗೆದು ನೆಗೆದು ಹತ್ತು ನಿಮಿಷ ಮಾಡಿದರೆ ನನ್ನ ಎದೆ ಬಾಯಿಗೆ ಬಂದಿತ್ತು. ಅವನು ಅರ್ಧ ಗಂಟೆ ಕುಣಿಯುತ್ತಿದ್ದ. ಕೆಳಗಿನ ಮನೆಯವರು ಒಮ್ಮೆ ಬಂದು ವಿಚಾರಿಸಿಕೊಂಡು ಹೋದರು. ನಿಮ್ಮ ಮಗಳಿಗೆ ಯಾವುದರ ಹುಚ್ಚು ಇದೆ ಹುಡುಕಿ, ಅಲ್ಲಿಂದ ಶುರು ಮಾಡಿ.

ನಿದ್ರೆ ಒಂಬತ್ತು ಗಂಟೆಗೆ ಕಡಿಮೆಯಾಗದ ಹಾಗೆ ನೋಡಿಕೊಳ್ಳಿ. ನಿದ್ರೆಗೆಟ್ಟ ಮರುದಿನ ಇವನ ಕೈ ತಿಂಡಿ ಡಬ್ಬದಿಂದ ಹೊರಗೆ ಬರುವುದಿಲ್ಲ.

ಒಂದೂವರೆ ವರ್ಷ ಆಯಿತು. ಈಗ 43 ಕೆಜಿ, ಎತ್ತರ 134ರಿಂದ 142 ಸೆಂಟಿಮೀಟರ್. ಚಾರ್ಟಿನಲ್ಲಿ ಇನ್ನೂ ನಾರ್ಮಲ್ ಅನ್ನುವಲ್ಲಿಗೆ ಇಳಿದಿಲ್ಲ, ಆದರೆ ಮೊದಲಿಗಿಂತ ಹತ್ತಿರ ಬಂದಿದ್ದಾನೆ. ಮನೆಯಲ್ಲಿ ತೂಕದ ಯಂತ್ರ ಇಡಲಿಲ್ಲ, ಮೂರು ತಿಂಗಳಿಗೊಮ್ಮೆ ಡಾಕ್ಟರಲ್ಲೇ ನೋಡುವುದು.

ಇನ್ನು ಅಜ್ಜಿ. ನಾನು ಅತ್ತೆಯ ಹತ್ತಿರ ಎರಡು ಸಲ ಜಗಳ ಮಾಡಿ ಸೋತೆ. ಮೊಮ್ಮಗ ಶಾಲೆಯಿಂದ ನಾಲ್ಕೂವರೆಗೆ ಹಸಿದು ಬರುತ್ತಾನೆ, ಅವರು ಕೊಡದೆ ಇರುತ್ತಾರಾ? ಆ ಹಸಿವು ನಿಜವಾದದ್ದೇ. ಮೂರನೇ ಸಲ ಜಗಳ ಬಿಟ್ಟು ನಾಲ್ಕೂವರೆಯ ಪೂರ್ತಿ ಜವಾಬ್ದಾರಿಯನ್ನೇ ಅವರಿಗೆ ವಹಿಸಿದೆ. ಕರಿದದ್ದು ಮಾತ್ರ ಬೇಡ, ಉಳಿದದ್ದು ನಿಮ್ಮಿಷ್ಟ ಅಂದೆ. ಹೆಸರುಕಾಳಿನ ಉಸ್ಲಿ, ಬೇಯಿಸಿದ ನೆಲಗಡಲೆ, ಮಳೆಗಾಲದಲ್ಲಿ ಪತ್ರೊಡೆ. ಅವರಿಗೆ ಗೊತ್ತಿರುವಷ್ಟು ಅಡುಗೆ ನನಗೆ ಎಲ್ಲಿ ಗೊತ್ತು? ಬನ್ಸ್ ಮಾತ್ರ ಬಿಡಲು ಒಪ್ಪಲಿಲ್ಲ. ಭಾನುವಾರ ಒಂದು ದಿನ, ಸಣ್ಣ ಸಣ್ಣದು ಅಂತ ರಾಜಿಯಾಯಿತು. ನಿನ್ನೆ ಭಾನುವಾರ ಇತ್ತು. ಮಗ ಎರಡು ತಿಂದು ಎದ್ದ. ನಾನು ನಾಲ್ಕು.