ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ಕಾಲಮ್‌ನಲ್ಲಿ ಬೇರ್ಪಡಿಸಿ ಅಳೆಯುವ ವಿಧಾನ) ಒಂದೇ ಪೀಕ್, 99.4% ಶುದ್ಧತೆ ಬಂದಿದೆ. ಆದರೂ ಗ್ರೇಡಿಯೆಂಟ್ ರನ್ (ನಡೆಯುತ್ತಿರುವಾಗಲೇ ದ್ರಾವಕಗಳ ಪ್ರಮಾಣ ಬದಲಿಸುತ್ತಾ ಹೋಗುವ ರನ್) ಯಾಕೆ ಬೇಕು?

ನೀವು ಕೊಟ್ಟ ವಿವರ ಇಷ್ಟು: ಬೆಂಜಾಲ್ಡಿಹೈಡ್ ಮತ್ತು ಅಸಿಟೊಫಿನೋನ್ ಸೇರಿಸಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಚಾಲ್ಕೋನ್ ಮಾಡಿದ್ದೀರಿ. ಟಿಎಲ್‌ಸಿಯಲ್ಲಿ (ತೆಳು ಪದರದ ತಟ್ಟೆಯ ಮೇಲೆ ಬೇರ್ಪಡಿಸುವ ಸರಳ ಪರೀಕ್ಷೆ) ಒಂದೇ ಸ್ಪಾಟ್. ಸಿ18 ಕಾಲಮ್ (ಜಿಡ್ಡಿನ ಅಣುಗಳನ್ನು ಹೆಚ್ಚು ಹೊತ್ತು ಹಿಡಿಯುವಂಥದ್ದು), 70:30 ಮೆಥನಾಲ್-ನೀರು, ಡಿಟೆಕ್ಟರ್ 310 ನ್ಯಾನೋಮೀಟರ್‌ನಲ್ಲಿ, 12 ನಿಮಿಷದ ರನ್. ಗೈಡ್ ಮಾತ್ರ ಗ್ರೇಡಿಯೆಂಟ್ ಹಾಕದೆ ಸಹಿ ಮಾಡಲ್ಲ ಅಂತಿದ್ದಾರೆ. ಇದು ಗುಡ್ಡ ಅಗೆದು ಇಲಿ ಹಿಡಿಯುವ ಕೆಲಸ ಅಲ್ಲವೇ ಅನ್ನುವುದು ನಿಮ್ಮ ಪ್ರಶ್ನೆ.

ಅಲ್ಲ. ನಾನು ನಿಮ್ಮ ಗೈಡ್ ಪರ. ನಿಮ್ಮ ಮೆಥಡ್ ಕೆಟ್ಟದ್ದಲ್ಲ, ಆದರೆ ಅದು ಚಾಲ್ಕೋನ್ ಒಂದನ್ನೇ ನೋಡಲು ಕಟ್ಟಿದ ಮೆಥಡ್. ನಿಮ್ಮ ಫ್ಲಾಸ್ಕ್‌ನಲ್ಲಿ ಇನ್ನೇನೇನು ಇರಬಹುದು ಅಂತ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಉಳಿದುಹೋದ ಬೆಂಜಾಲ್ಡಿಹೈಡ್, ಅಸಿಟೊಫಿನೋನ್. ಬೆಂಜಾಲ್ಡಿಹೈಡ್ ಹಳೆಯದಾಗಿದ್ದರೆ ಅಥವಾ ಕ್ಷಾರ ಗಟ್ಟಿಯಾಗಿ ಕಾನಿಜಾರೊ ಎಂಬ ಅಡ್ಡ ಕ್ರಿಯೆ ನಡೆದಿದ್ದರೆ ಬೆಂಜೋಯಿಕ್ ಆಸಿಡ್. ಇವೆಲ್ಲಕ್ಕಿಂತ ತುಂಟ ಇನ್ನೊಂದಿದೆ: ತಯಾರಾದ ಚಾಲ್ಕೋನ್ ಮೇಲೆ ಮತ್ತೊಂದು ಅಸಿಟೊಫಿನೋನ್ ಮೈಕೆಲ್ ರೀತಿಯಲ್ಲಿ (ಚಾಲ್ಕೋನ್‌ನ ಇಬ್ಬಂಧಕ್ಕೆ) ಸೇರಿದಾಗ ಬರುವ 1,5-ಡೈಕೀಟೋನ್.

ಈಗ ನಿಮ್ಮ ಮೆಥಡ್‌ಗೆ ಇವುಗಳಲ್ಲಿ ಯಾವುದು ಕಾಣುತ್ತೆ ನೋಡಿ. ಬೆಂಜಾಲ್ಡಿಹೈಡ್, ಅಸಿಟೊಫಿನೋನ್ ಎರಡೂ 70% ಮೆಥನಾಲ್‌ನಲ್ಲಿ ಕಾಲಮ್‌ನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಶುರುವಿನಲ್ಲೇ ಒಂದರ ಬೆನ್ನಿಗೆ ಒಂದು ಓಡಿಬರುತ್ತವೆ. ಆಸಿಡ್ ಹಾಕದ ಮೊಬೈಲ್ ಫೇಸ್‌ನಲ್ಲಿ (ಕಾಲಮ್ ಮೂಲಕ ಹರಿಯುವ ದ್ರಾವಕ) ಬೆಂಜೋಯಿಕ್ ಆಸಿಡ್ ಅಯಾನ್ ಆಗಿ ಸಾಲ್ವೆಂಟ್ ಫ್ರಂಟ್ (ಎಲ್ಲಕ್ಕಿಂತ ಮೊದಲು ಹೊರಬರುವ ದ್ರಾವಕ) ಜೊತೆಗೇ ಹೋಗುತ್ತೆ, ಅಲ್ಲಿನ ಏರಿಳಿತವನ್ನು ಯಾರೂ ಇಂಟಿಗ್ರೇಟ್ ಮಾಡುವುದಿಲ್ಲ, ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡೈಕೀಟೋನ್ ಜಿಡ್ಡಿನ ಅಣು, 12 ನಿಮಿಷ ದಾಟಿಯೇ ಬರುತ್ತೆ. ಬಂದರೂ ಅಗಲವಾಗಿ ಹರಡಿಕೊಂಡು, ಬಹುಶಃ ಮುಂದಿನ ಇಂಜೆಕ್ಷನ್‌ನ ಬೇಸ್‌ಲೈನ್‌ನಲ್ಲಿ ಉಬ್ಬಾಗಿ. ಅನುಮಾನವಿದ್ದರೆ ಇದೇ ರನ್ ಅನ್ನು ಒಮ್ಮೆ 60 ನಿಮಿಷ ಬಿಟ್ಟು ನೋಡಿ.

ಗ್ರೇಡಿಯೆಂಟ್ ಮಾಡುವುದು ಇದನ್ನೇ: ನೀರು ಹೆಚ್ಚಿರುವಾಗ ಪೋಲಾರ್ ಅಣುಗಳನ್ನು ಹಿಡಿದು ಬಿಡಿಸುತ್ತೆ, ಆರ್ಗ್ಯಾನಿಕ್ ಏರಿದಂತೆ ಜಿಡ್ಡಿನವನ್ನು ಒದ್ದು ಹೊರಗೆ ಹಾಕುತ್ತೆ, ಅದೂ ಚೂಪಾದ ಪೀಕ್ ಆಗಿ.

ಆದರೆ ನಿಮ್ಮ ದೊಡ್ಡ ತೊಂದರೆ ಮೊಬೈಲ್ ಫೇಸ್ ಅಲ್ಲ, 310. ಚಾಲ್ಕೋನ್ ಅತಿ ಹೆಚ್ಚು ಹೀರುವುದು ಅಲ್ಲೇ, ಅದಕ್ಕೇ ಆರಿಸಿದ್ದೀರಿ. ಆದರೆ ಮೇಲೆ ಹೇಳಿದ ಕೀಟೋನ್, ಆಲ್ಡಿಹೈಡ್‌ಗಳ ಗಟ್ಟಿ ಹೀರಿಕೆ 245-250ರ ಆಸುಪಾಸಿನಲ್ಲಿ. ಡೈಕೀಟೋನ್‌ನಲ್ಲಿ ಚಾಲ್ಕೋನ್‌ನ ಉದ್ದ ಕಾಂಜುಗೇಶನ್ (ಒಂದು ಬಿಟ್ಟು ಒಂದು ಬರುವ ಇಬ್ಬಂಧಗಳ ಸರಣಿ) ಮುರಿದುಹೋಗಿರುವುದರಿಂದ 310ರಲ್ಲಿ ಅದು ಹತ್ತಿರಹತ್ತಿರ ಕಾಣುವುದೇ ಇಲ್ಲ. ಅಂದರೆ ನಿಮ್ಮ 99.4% ಬಹುಪಾಲು ಆ ತರಂಗಾಂತರದ ಕೊಡುಗೆ. ಪಿಡಿಎ ಡಿಟೆಕ್ಟರ್ (ಹಲವು ತರಂಗಾಂತರಗಳನ್ನು ಒಟ್ಟಿಗೆ ನೋಡುವಂಥದ್ದು) ಇದ್ದರೆ 210ರಿಂದ 400ರವರೆಗೆ ದಾಖಲಿಸಿ. ಇಲ್ಲವಾದರೆ 245 ಮತ್ತು 310 ಎರಡರಲ್ಲೂ ರನ್ ಹಾಕಿ.

ನಾನಾದರೆ ಹೀಗೆ ಶುರು ಮಾಡುತ್ತೇನೆ. 150 × 4.6 ಮಿಲಿಮೀಟರ್ ಸಿ18, ನಿಮಿಷಕ್ಕೆ 1 ಎಂಎಲ್. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಅಸಿಟೊನೈಟ್ರೈಲ್, ಎರಡರಲ್ಲೂ 0.1% ಫಾರ್ಮಿಕ್ ಆಸಿಡ್. 20 ನಿಮಿಷದಲ್ಲಿ ಅಸಿಟೊನೈಟ್ರೈಲ್ 10ರಿಂದ 95%, ಅಲ್ಲಿ 5 ನಿಮಿಷ ನಿಲ್ಲಿಸಿ, ಮತ್ತೆ 10ಕ್ಕೆ ಇಳಿಸಿ ಕನಿಷ್ಠ 10 ನಿಮಿಷ. ಈ ಕೊನೆಯ 10 ನಿಮಿಷವನ್ನು ಉಳಿಸಲು ಹೋಗಬೇಡಿ. ಕಾಲಮ್‌ನೊಳಗಿನ ದ್ರವ ಸುಮಾರು 1.5 ಎಂಎಲ್, ಅದು ಹಲವು ಸಲ ಬದಲಾಗದಿದ್ದರೆ ರಿಟೆನ್ಶನ್ ಟೈಮ್ (ಪೀಕ್ ಹೊರಬರುವ ಹೊತ್ತು) ಪ್ರತಿ ರನ್‌ಗೂ ಜಾರುತ್ತೆ. ಮೆಥನಾಲ್ ಕೂಡ ನಡೆಯುತ್ತೆ, ಆದರೆ ನೀರಿನ ಜೊತೆ ಅರ್ಧಕ್ಕರ್ಧ ಬೆರೆತಾಗ ಅದರ ಸ್ನಿಗ್ಧತೆ ಜಾಸ್ತಿ, ಪ್ರೆಶರ್ ಏರುತ್ತೆ.

ಸ್ಯಾಂಪಲ್‌ಗೂ ಮೊದಲು ಬ್ಲ್ಯಾಂಕ್ ಗ್ರೇಡಿಯೆಂಟ್ (ಸ್ಯಾಂಪಲ್ ಇಲ್ಲದ ರನ್) ಹಾಕಲೇಬೇಕು. ಕೊಳೆ ನೀರಿನಲ್ಲಿರುವ ಆರ್ಗ್ಯಾನಿಕ್ ಅಂಶ ಕಾಲಮ್ ತಲೆಯಲ್ಲಿ ಕೂತು, ಅಸಿಟೊನೈಟ್ರೈಲ್ ಏರಿದಾಗ ಪೀಕ್ ಆಗಿ ಇಳಿಯುತ್ತೆ. ಬ್ಲ್ಯಾಂಕ್ ಇಲ್ಲದಿದ್ದರೆ ಅದನ್ನು ನಿಮ್ಮ ಚಾಲ್ಕೋನ್ ಲೆಕ್ಕಕ್ಕೇ ಬರೆಯುತ್ತೀರಿ.

ಕಾನ್ಸಂಟ್ರೇಶನ್ ಬಗ್ಗೆಯೂ ಎಚ್ಚರ. ತೀರಾ ತೆಳುವಾಗಿ ಇಂಜೆಕ್ಟ್ ಮಾಡಿದರೆ ಕಲ್ಮಶಗಳು ನಾಯ್ಸ್‌ನಲ್ಲಿ ಮುಳುಗಿ ಯಾವ ಸ್ಯಾಂಪಲ್ ಬೇಕಾದರೂ 100% ಆಗುತ್ತೆ (ಇಂಥ ಕ್ರೊಮ್ಯಾಟೊಗ್ರಾಮ್ ಪೇಪರ್‌ಗಳಲ್ಲಿ ಕಂಡಾಗ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ). ಗಟ್ಟಿ ಮಾಡಿದರೆ ಡಿಟೆಕ್ಟರ್ ಸ್ಯಾಚುರೇಟ್ ಆಗಿ ಮುಖ್ಯ ಪೀಕ್‌ನ ತಲೆ ಕತ್ತರಿಸಿಹೋಗುತ್ತೆ. 0.1 ಮಿಲಿಗ್ರಾಂ/ಎಂಎಲ್ ಒಂದು, ಅದರ ಐದು ಪಟ್ಟು ಇನ್ನೊಂದು, ಹೀಗೆ ಎರಡು ಇಂಜೆಕ್ಷನ್ ಹಾಕಿ ಹೋಲಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಏರಿಯಾ ಪರ್ಸೆಂಟ್ (ಪೀಕ್‌ಗಳ ವಿಸ್ತೀರ್ಣದ ಪಾಲು), ತೂಕದ ಪರ್ಸೆಂಟ್ ಅಲ್ಲ. ಉಳಿದ ಎಥನಾಲ್, ನೀರು, ಸೋಡಿಯಂ ಲವಣ, ಶುದ್ಧೀಕರಣದ ಕಾಲಮ್‌ನಿಂದ ಜಾರಿದ ಸಿಲಿಕಾ, ಇವು ಯಾವುವೂ ಯುವಿಗೆ ಕಾಣುವುದಿಲ್ಲ. ತೂಕದ ಲೆಕ್ಕ ಬೇಕಾದರೆ 1,3,5-ಟ್ರೈಮೆಥಾಕ್ಸಿಬೆಂಜೀನ್‌ನಂಥ ಇಂಟರ್ನಲ್ ಸ್ಟ್ಯಾಂಡರ್ಡ್ ತೂಗಿ ಹಾಕಿ ಪ್ರೋಟಾನ್ ಎನ್‌ಎಂಆರ್ ತೆಗೆಸಿ. ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಂಥ ಕಡೆ ಜೈವಿಕ ಪರೀಕ್ಷೆಗೆ ಹೋಗುವ ಮುಖ್ಯ ಸಂಯುಕ್ತಗಳಿಗೆ 95% ಶುದ್ಧತೆ ಕೇಳುತ್ತಾರೆ. ಅದಕ್ಕೆ ಗ್ರೇಡಿಯೆಂಟ್ ಎಚ್‌ಪಿಎಲ್‌ಸಿ ಸಾಕು, ಆದರೆ ಸಂಖ್ಯೆಯ ಪಕ್ಕದಲ್ಲೇ ಕಾಲಮ್, ಗ್ರೇಡಿಯೆಂಟ್, ತರಂಗಾಂತರ ಬರೆಯಿರಿ.

ಇನ್ನೊಂದು ಮಾತು, ಚಾಲ್ಕೋನ್‌ಗೆ ಮಾತ್ರ ಸಂಬಂಧಿಸಿದ್ದು. ಮುಖ್ಯ ಪೀಕ್ ಪಕ್ಕದಲ್ಲಿ ಸಣ್ಣ ಪೀಕ್ ಕಂಡು, ಪ್ರತಿ ಇಂಜೆಕ್ಷನ್‌ಗೂ ಅದು ಬೆಳೆಯುತ್ತಿದ್ದರೆ ಮತ್ತೆ ರೀಕ್ರಿಸ್ಟಲೈಸ್ ಮಾಡಲು ಓಡಬೇಡಿ. ಬೆಳಕಿಗೆ ದ್ರಾವಣದಲ್ಲಿ ಟ್ರಾನ್ಸ್ ಚಾಲ್ಕೋನ್ ಸಿಸ್ (ಅದೇ ಅಣುವಿನ ಬೇರೆ ಆಕಾರ) ಆಗಿ ತಿರುಗುತ್ತೆ. ಕಂದು ವಯಲ್‌ನಲ್ಲಿ ತಾಜಾ ದ್ರಾವಣ ಮಾಡಿ ಇನ್ನೊಮ್ಮೆ ಹಾಕಿ.