ವಾಷಿಂಗ್ಟನ್ನಿನಲ್ಲಿ ಚುನಾವಣಾ ಸಮೀಕ್ಷೆಯ ಕೆಲಸ: ಒಳಗೆ ಬರುವ ದಾರಿ

ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಲು ವಾಷಿಂಗ್ಟನ್ನಿಗೆ ಬಂದಿದ್ದೀರಿ. ಸಮೀಕ್ಷಾ ಕಂಪನಿಯಲ್ಲಿ ಕೆಲಸ ಹಿಡಿದು, ಮುಂದೆ ದೇಶ ದೇಶಗಳ ಚುನಾವಣೆಗಳಿಗೆ ಸಲಹೆಗಾರರಾಗಿ ಹೋಗಬಹುದೇ ಎಂದು ಕೇಳಿದ್ದೀರಿ. ಹೋಗಬಹುದು. ಆದರೆ ಆ ಎರಡನೆಯದನ್ನು ನೆಚ್ಚಿಕೊಂಡು ಬಾಡಿಗೆ ಮನೆ ಹಿಡಿಯಬೇಡಿ.

ಬೇರೆ ದೇಶಗಳ ಚುನಾವಣೆಗೆ ನೆರವಾಗುವ ಸಂಸ್ಥೆಗಳಲ್ಲಿ ಈ ಊರಿನ ಎನ್‌ಡಿಐ, ಐಆರ್‌ಐ ಎರಡೂ 1983ರಲ್ಲಿ ಹುಟ್ಟಿದವು, ಪಕ್ಕದ ಆರ್ಲಿಂಗ್ಟನ್ನಿನ ಐಫೆಸ್ 1987ರಲ್ಲಿ. ಸರ್ಕಾರೇತರ ಸಂಸ್ಥೆಗಳೆಂದು ಹೆಸರು, ಹೊಟ್ಟೆ ತುಂಬುತ್ತಿದ್ದದ್ದು ಮಾತ್ರ ಬಹುಪಾಲು ಅಮೆರಿಕ ಸರ್ಕಾರದ ಅನುದಾನದಿಂದ. 2025ರ ಜನವರಿಯಲ್ಲಿ ವಿದೇಶಿ ನೆರವಿಗೆ ತಡೆ ಬಿತ್ತು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಇದೇ ಕೆಲಸದಲ್ಲಿ ಪಳಗಿದವರೂ ಈಗ ನಿಮ್ಮ ಸಾಲಿನಲ್ಲೇ ನಿಂತಿದ್ದಾರೆ. ಯುರೋಪಿನ ಕಡೆ ನೋಡೋಣವೆಂದರೆ, ನಿಮ್ಮದು ಭಾರತದ ಪಾಸ್‌ಪೋರ್ಟ್ ಆದರೆ ಅದೇ ಅಡ್ಡ. ವಾರ್ಸಾದಲ್ಲಿರುವ ಚುನಾವಣಾ ವೀಕ್ಷಣೆಯ ಕಚೇರಿ ಒಡಿಐಎಚ್‌ಆರ್‌ಗೆ ವೀಕ್ಷಕರನ್ನು ಕಳಿಸುವುದು ಅದರ ಮಾತೃಸಂಸ್ಥೆ ಒಎಸ್‌ಸಿಇಯ 57 ದೇಶಗಳು; ಭಾರತ ಅದರಲ್ಲಿಲ್ಲ. ಪ್ರಜಾಪ್ರಭುತ್ವಕ್ಕೆ ನೆರವಾಗುವ ಸ್ಟಾಕ್‌ಹೋಮಿನ ಸಂಸ್ಥೆ ಇಂಟರ್‌ನ್ಯಾಷನಲ್ ಐಡಿಯಾಗೆ ಮಾತ್ರ ಭಾರತ 1995ರಿಂದಲೂ ಸದಸ್ಯ. ಅಲ್ಲಿಗೆ ಅರ್ಜಿ ಹಾಕುತ್ತಿರಿ.

ಇವತ್ತೇ ವಿಶ್ವವಿದ್ಯಾಲಯ ಕೊಟ್ಟ ನಿಮ್ಮ ವೀಸಾ ದಾಖಲೆ ಐ-20 ತೆಗೆದು ಪದವಿಯ ಸಿಐಪಿ ಸಂಕೇತ (ಓದಿನ ವಿಷಯಕ್ಕೆ ಕೊಟ್ಟ ಅಂಕಿ) ನೋಡಿ. ಅದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಗಣಿತದ ವಿಷಯಗಳ) ಪಟ್ಟಿಯಲ್ಲಿದ್ದರೆ, ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ 12 ತಿಂಗಳ ಅನುಮತಿಯಾದ ಒಪಿಟಿ ಮೇಲೆ ಇನ್ನೂ 24 ತಿಂಗಳು ಕೇಳಬಹುದು; ಸಾಧಾರಣ ರಾಜ್ಯಶಾಸ್ತ್ರಕ್ಕೆ ಅದಿಲ್ಲ. ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಇನ್ನೊಂದು: ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಇಲ್ಲಿನ ಚುನಾವಣೆಗೆ ದೇಣಿಗೆ ಕೊಡುವಂತಿಲ್ಲ, ಪ್ರಚಾರದ ಖರ್ಚಿನ ತೀರ್ಮಾನದಲ್ಲಿ ಪಾಲ್ಗೊಳ್ಳುವಂತೆಯೂ ಇಲ್ಲ. ಅಂಕಿಅಂಶ ಬಿಡಿಸಿ ಹೇಳಿ. 'ಈ ಜಿಲ್ಲೆಯ ಜಾಹೀರಾತಿಗೆ ಎಷ್ಟು ಸುರಿಯೋಣ' ಎಂಬ ಮಾತು ಬಂದಾಗ ಎದ್ದು ಹೊರಗೆ ಬನ್ನಿ. ಗೆರೆ ಎಲ್ಲಿದೆ ಎಂಬುದನ್ನು ಕಂಪನಿಯ ವಕೀಲರಿಂದ ಬರಹದಲ್ಲಿ ಪಡೆಯುವುದು ಕ್ಷೇಮ.

ಇನ್ನು ಕಸುಬು. ಅರ್ಜಿ ಹಾಕುವವರಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಪ್ರಬಂಧ ಬರೆಯುವವರಿಗೆ ಬರವಿಲ್ಲ, ಸ್ಯಾಂಪಲ್ ಎಲ್ಲಿ ಕೆಡುತ್ತದೆಂದು ಗೊತ್ತಿರುವವರು ಕಡಿಮೆ. 1,200 ಜನರನ್ನು ಚೀಟಿ ಎತ್ತಿದಂತೆ ಆರಿಸಿದರೆ, ಶೇ. 95ರ ಭರವಸೆಯಲ್ಲಿ ತಪ್ಪಿನ ಅಂತರ, ಅಂದರೆ ಅಂಕಿ ಆಚೀಚೆ ಆಗಬಹುದಾದಷ್ಟು, ±2.8 ಶೇಕಡಾ ಅಂಕ. ಆದರೆ ಮನೆಮನೆ ಸಮೀಕ್ಷೆ ಹಾಗೆ ನಡೆಯುವುದಿಲ್ಲ. 150 ಜಾಗ ಆರಿಸಿ, ಜಾಗಕ್ಕೆ 8 ಜನರನ್ನು ಮಾತಾಡಿಸುತ್ತಾರೆ. ಒಂದೇ ಬೀದಿಯವರ ಉತ್ತರ ಒಂದೇ ಥರ ಇರುತ್ತದಲ್ಲ, ಆ ಕಾರಣಕ್ಕೆ ಡಿಸೈನ್ ಎಫೆಕ್ಟ್ (ಸ್ಯಾಂಪಲ್ಲಿನ ಬೆಲೆ ಎಷ್ಟು ಪಟ್ಟು ಇಳಿಯಿತೆಂಬ ಅಂಕಿ) 2 ಬಂತೆಂದರೆ ನಿಮ್ಮ 1,200 ಬರೀ 600ಕ್ಕೆ ಸಮ, ಅಂತರ ±4. ಇದನ್ನು ಮರೆತು, ಮೂರು ಅಂಕದ ಮುನ್ನಡೆಯನ್ನು ಗೆಲುವೆಂದು ವರದಿ ಬರೆದವರು ಎಷ್ಟೋ ಜನ.

ಮನೆಯೊಳಗೂ ಎಡವಟ್ಟಾಗುತ್ತದೆ. ಬಾಗಿಲು ತೆಗೆದವರನ್ನೇ ಮಾತಾಡಿಸಿದರೆ ಹಗಲು ಮನೆಯಲ್ಲಿರುವವರೇ ತುಂಬಿಕೊಳ್ಳುತ್ತಾರೆ. ಅದಕ್ಕೇ ಮನೆಯ ವಯಸ್ಕರನ್ನೆಲ್ಲ ಪಟ್ಟಿ ಮಾಡಿ ಒಬ್ಬರನ್ನು ಎತ್ತಬೇಕು, ಸಿಗದಿದ್ದರೆ ಮತ್ತೆ ಹೋಗಬೇಕು. ಹೋಗದೆ, ಮರದ ನೆರಳಲ್ಲಿ ಕೂತು ಫಾರ್ಮ್ ತುಂಬುವವರನ್ನು ಡೇಟಾದಲ್ಲೇ ಹಿಡಿಯಬಹುದು: ನಲವತ್ತು ನಿಮಿಷದ ಸಂದರ್ಶನ ಹನ್ನೊಂದು ನಿಮಿಷಕ್ಕೆ ಮುಗಿದಿರುತ್ತದೆ, ಎಂಟೂ ಮನೆಯ ಜಿಪಿಎಸ್ ಒಂದೇ ಬಿಂದುವಿನಲ್ಲಿರುತ್ತದೆ. ಕೆಲವು ಮನೆಗಳಿಗೆ ಮೇಲ್ವಿಚಾರಕರು ಮತ್ತೆ ಫೋನ್ ಮಾಡಿ ಕೇಳುವುದು ಇದಕ್ಕೇ.

ವಿದೇಶದ ಕೆಲಸದಲ್ಲಿ ಹೆಚ್ಚು ಬೇಡಿಕೆಯಿರುವುದು ಕ್ವಿಕ್ ಕೌಂಟ್‌ಗೆ. 1988ರಲ್ಲಿ ಚಿಲಿಯ ಜನಮತಗಣನೆಯಲ್ಲಿ ಇದು ದೊಡ್ಡ ಪಾತ್ರ ವಹಿಸಿತು. ಮತಗಟ್ಟೆಗಳ ಸ್ಯಾಂಪಲ್ ಎತ್ತಿ, ಎಣಿಕೆ ಮುಗಿದ ಕೂಡಲೇ ವೀಕ್ಷಕರಿಂದ ಅಂಕಿ ತರಿಸುವುದು. ಮೊದಲು ಬರುವುದು ಪಟ್ಟಣದ ಮತಗಟ್ಟೆಗಳದ್ದು; ಗುಡ್ಡಗಾಡಿನದ್ದು ಬರುವಾಗ ಮಧ್ಯರಾತ್ರಿ ದಾಟಿರುತ್ತದೆ. ಅಲ್ಲಿಯವರೆಗೆ ಬಾಯಿ ಬಿಡಬಾರದು, ಸಂಪಾದಕರು ಎಷ್ಟೇ ಪೀಡಿಸಲಿ.

ಅಭ್ಯಾಸಕ್ಕೆ, ಆಫ್ರಿಕಾದ ದೇಶಗಳಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಅಫ್ರೋಬಾರೋಮೀಟರ್‌ನ ಡೇಟಾ ಪುಕ್ಕಟೆ ಸಿಗುತ್ತದೆ. ಒಂದು ದೇಶ ಆರಿಸಿ, ಆರ್ ಎಂಬ ಅಂಕಿಅಂಶದ ತಂತ್ರಾಂಶದಲ್ಲಿ ವೇಟ್ (ಪ್ರತಿ ಉತ್ತರಕ್ಕೆ ಕೊಡುವ ತೂಕ) ಹಾಕಿ, ನಾಲ್ಕು ಪ್ರಶ್ನೆಗಳ ಡಿಸೈನ್ ಎಫೆಕ್ಟ್ ಲೆಕ್ಕ ಹಾಕಿ, ಎರಡು ಪುಟದ ಟಿಪ್ಪಣಿ ಮಾಡಿ ಅರ್ಜಿಯ ಜೊತೆ ಲಗತ್ತಿಸಿ. ಎರಡೇ ಪುಟ, ಮೂರನೆಯದನ್ನು ಯಾರೂ ಓದುವುದಿಲ್ಲ.